ಪರವೂರಿನವರು ಹಚ್ಚಿದ ಒಲೆ

ಧಾರವಾಡದ ಫೇಡೆಯನ್ನು ಮೊದಲು ಮಾಡಿದವರು ಕಾನ್ಪುರದ ಎದುರು ದಡದ ಉನ್ನಾವ್ ಕಡೆಯವರು. ಹುಬ್ಬಳ್ಳಿಗೆ ಇಡ್ಲಿ, ದೋಸೆಯ ಚಟ ಹಚ್ಚಿದವರು ಘಟ್ಟದ ಕೆಳಗಿನವರು. ಸಾವಜಿ ಮಸಾಲೆ ಕುಟ್ಟಿದವರು ಮಗ್ಗ ಬಿಟ್ಟು ಒಲೆ ಹಿಡಿದ ನೇಕಾರರು. ಜೋಳದ ರೊಟ್ಟಿಯಾದರೂ ನಮ್ಮದೇ ಎನ್ನೋಣವೆಂದರೆ, ಖಾನಾವಳಿಗಳಲ್ಲಿ ಆ ರೊಟ್ಟಿ ಬಡಿದ ಕೈಗಳು ಎಷ್ಟೋ ಸಲ ಮಳೆ ಕೈಕೊಟ್ಟ ವರ್ಷವೋ ಮನೆಯ ಯಜಮಾನ ತೀರಿಕೊಂಡ ವರ್ಷವೋ ಹಳ್ಳಿ ಬಿಟ್ಟು ಊರು ಸೇರಿದ ಹೆಣ್ಣುಮಕ್ಕಳವು. ಉಣ್ಣಲು ಕೂತವರೂ ಪರವೂರಿನವರೇ. ಕಾಲೇಜಿಗೆ ಬಂದ ಹುಡುಗ, ಕೋರ್ಟಿನ ತಾರೀಖಿಗೆ ಬಂದ ರೈತ, ರೈಲ್ವೆ ವರ್ಕ್‌ಶಾಪಿಗೆ ಸೇರಿದ ಫಿಟ್ಟರ್, ಹತ್ತಿಯ ಅಂಡಿಗೆ ಹೇರಿಕೊಂಡು ಬಂದ ಗಾಡಿಯವ. ಅವಳಿ ನಗರದ ಊಟದ ಚರಿತ್ರೆಯೆಂದರೆ, ಮನೆ ಬಿಟ್ಟು ಬಂದವರು ಮನೆ ಬಿಟ್ಟು ಬಂದವರಿಗಾಗಿ ಅಡುಗೆ ಮಾಡಿದ ಚರಿತ್ರೆ.

ಎರಡೂ ಊರುಗಳ ನಡುವೆ ಇಪ್ಪತ್ತು ಕಿಲೋಮೀಟರು. 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಕೆಳಗೆ ಬಂದರೂ ಹೊಟ್ಟೆಯ ಲೆಕ್ಕದಲ್ಲಿ ಇವು ಬೇರೆ ಬೇರೆ ಊರುಗಳೇ. ಧಾರವಾಡ ಕಚೇರಿಗಳ, ಕಾಲೇಜುಗಳ ಊರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಮುಂಬೈಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷವೇ ಇಲ್ಲಿಗೆ ನೆಲೆ ಬದಲಿಸಿತು. 1950ರ ಜನವರಿಯಲ್ಲಿ ಆಕಾಶವಾಣಿ ಮಾತಾಡತೊಡಗಿತು. ಓದುವವರು, ಓದಿಸುವವರು, ಹಾಡುವವರು, ಅರ್ಜಿ ಬರೆಯುವವರು ದಿನವೂ ಬಂದಿಳಿಯುವ ಊರಿದು. ಹುಬ್ಬಳ್ಳಿಯದು ದುಡಿಮೆಯ ಹಸಿವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ಅದರ ಬೆನ್ನಿಗೇ ವರ್ಕ್‌ಶಾಪು ಬಂತು, ಹತ್ತಿ ಪೇಟೆ ಬೆಳೆಯಿತು, ಗಿರಣಿಗಳ ಭೋಂಗಾ ಕೂಗಿತು. ಪಾಳಿ ಮುಗಿಸಿ ಹೊರಬಿದ್ದವನಿಗೆ ಬೇಕಾದದ್ದು ಹೊಟ್ಟೆ ತುಂಬುವ ಊಟ, ಅದೂ ಕೂತ ಕೂಡಲೇ. ಧಾರವಾಡದವನಿಗೆ ತಿಂದಾದ ಮೇಲೆ ಒಂದಿಷ್ಟು ಮಾತೂ ಬೇಕು. ಈ ವ್ಯತ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲವೆಂದೇ ನನ್ನ ಅನಿಸಿಕೆ. ಹುಬ್ಬಳ್ಳಿಯ ಓದುಗರು ಮುನಿಯಬಾರದು.

ಮೊದಲು ಫೇಡೆಯ ಕಥೆ. ಅದನ್ನು ಬಿಟ್ಟು ಮುಂದೆ ಹೋದರೆ ಧಾರವಾಡದವರು ಈ ಸಂಚಿಕೆಯನ್ನು ಕೈಯಲ್ಲೂ ಮುಟ್ಟಲಿಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉನ್ನಾವ್‌ನಲ್ಲಿ ಪ್ಲೇಗು ಹಬ್ಬಿ, ಅಲ್ಲಿಂದ ಹೊರಟ ಠಾಕೂರ್ ಮನೆತನ ಧಾರವಾಡಕ್ಕೆ ಬಂದು ನಿಂತಿತೆಂಬುದು ತಲೆಮಾರುಗಳಿಂದ ಬಂದ ಮಾತು. ರಾಮರತನ್ ಸಿಂಗ್ ಠಾಕೂರ್ ಬದುಕಿಗಾಗಿ ತಮಗೆ ಗೊತ್ತಿದ್ದ ಮಿಠಾಯಿ ಕೆಲಸಕ್ಕೆ ಕೈ ಹಾಕಿದರು. ಮೊಮ್ಮಗ ಬಾಬುಸಿಂಗ್ ಠಾಕೂರ್ ಕಾಲಕ್ಕೆ ಲೈನ್ ಬಜಾರಿನ ಆ ಅಂಗಡಿ ಊರಿನ ಗುರುತಾಗಿಬಿಟ್ಟಿತ್ತು. ಲೈನ್ ಬಜಾರು ಎಂಬ ಹೆಸರಲ್ಲೇ ಬ್ರಿಟಿಷರ ಪಡೆ ಬೀಡುಬಿಟ್ಟ ಕಾಲದ ವಾಸನೆ ಇದೆ. ಅಲ್ಲಿ ಕುದ್ದದ್ದು ಮಾತ್ರ ಉತ್ತರದವರ ಕೈಚಳಕ ಮತ್ತು ಇಲ್ಲಿಯ ಎಮ್ಮೆ ಹಾಲು.

ಫೇಡೆಯಲ್ಲಿ ಅಡಗಿರುವ ಗುಟ್ಟೇನು ಎಂದು ಬಂದವರೆಲ್ಲ ಕೇಳುತ್ತಾರೆ. ಸಾಮಗ್ರಿ ಹಾಲು, ಸಕ್ಕರೆ ಎರಡೇ. ಉಳಿದದ್ದು ಕೈ ಮತ್ತು ಹೊತ್ತು. ಹೆಚ್ಚುಕಡಿಮೆ ಐದು ಲೀಟರ್ ಎಮ್ಮೆ ಹಾಲು ಕುದ್ದು ಇಂಗಿದರೆ ಒಂದು ಕಿಲೋ ಖವಾ. ಬೇರೆ ಊರಿನ ಫೇಡೆಯವರು ಖವಾ ಬಿಳಿಯಾಗಿರುವಾಗಲೇ ಕಡಾಯಿ ಇಳಿಸುತ್ತಾರೆ, ಇಲ್ಲಿ ಹಾಗಲ್ಲ. ಸಣ್ಣ ಉರಿಯ ಮೇಲೆ ಅದನ್ನು ಕಂದು ಬಣ್ಣಕ್ಕೆ ತಿರುಗುವವರೆಗೂ ಕೈಬಿಡದೆ ಮಗುಚುತ್ತಾರೆ. ಕ್ಷಣ ಮರೆತರೆ ತಳ ಹಿಡಿದು ಕಹಿ, ಆತುರಪಟ್ಟು ಬೇಗ ಇಳಿಸಿದರೆ ಸಪ್ಪೆ. ಆಮೇಲೆ ಉಂಡೆ ಕಟ್ಟಿ, ಸಕ್ಕರೆಯ ಪುಡಿಯಲ್ಲಿ ಹೊರಳಿಸುವುದು. ಕಡಾಯಿಯ ಮುಂದೆ ನಿಂತವನ ತೋಳು ಮತ್ತು ಕಣ್ಣು, ಅಷ್ಟೇ ಗುಟ್ಟು. ಠಾಕೂರರ ಅಂಗಡಿಯವರು ಬಹುಕಾಲ ದಿನಕ್ಕಿಷ್ಟೇ ಎಂದು ಮಾಡಿ, ಮುಗಿದ ಕೂಡಲೇ ಬಾಗಿಲು ಎಳೆದುಕೊಂಡದ್ದು ಗಿರಾಕಿಗಳ ಸಿಟ್ಟಿಗೂ ಅಭಿಮಾನಕ್ಕೂ ಒಟ್ಟಿಗೇ ಕಾರಣವಾಯಿತು. ಸರತಿಯಲ್ಲಿ ನಿಂತು ತಂದ ಫೇಡೆಗೆ ರುಚಿ ಜಾಸ್ತಿ ಎಂದು ನಂಬುವ ಊರಿದು.

1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದರು. ಉತ್ತರ ಪ್ರದೇಶದಿಂದಲೇ ಬಂದ ಅವಧ್ ಬಿಹಾರಿ ಮಿಶ್ರಾ ಫೇಡೆ ವ್ಯಾಪಾರ ಆರಂಭಿಸಿದ್ದೂ ಅದೇ ವರ್ಷ. ಧಾರವಾಡದ ಸಾಹಿತಿಗಳು ಯಾವುದಕ್ಕೆ ಹೆಚ್ಚು ಋಣಿಗಳೆಂದು ನಾನು ಹೇಳಲಾರೆ. ಮಿಶ್ರಾ ಮನೆತನದ ದಾರಿ ಠಾಕೂರರದಕ್ಕಿಂತ ಬೇರೆ. ಇವರು ಅಂಗಡಿಯ ಮೇಲೆ ಅಂಗಡಿ ತೆರೆದರು, ಬಸ್ ನಿಲ್ದಾಣ, ಹೆದ್ದಾರಿಗಳ ಬದಿಗೆ ಹೋದರು, ಫೇಡೆಯ ಡಬ್ಬಿಯನ್ನು ಬೆಂಗಳೂರಿನ ಬಸ್ಸು ಹತ್ತಿಸಿದರು. ಹಾಲಿನ ನಂದಿನಿಯೂ ಧಾರವಾಡ ಫೇಡೆ ಎಂಬ ಹೆಸರಿನಲ್ಲಿ ಮಾರುತ್ತದೆ. ಅಪ್ಪಟ ಯಾವುದು ಎಂಬ ವಾದಕ್ಕೆ ಧಾರವಾಡದಲ್ಲಿ ಕೊನೆಯಿಲ್ಲ. ಭೌಗೋಳಿಕ ಸೂಚಕದ ಪಟ್ಟಿಯಲ್ಲಿ 85ನೆಯ ಸಂಖ್ಯೆಯಾಗಿ ಧಾರವಾಡ ಫೇಡೆ ಸೇರಿತು. ಅಲ್ಲಿಗೆ ಹೆಸರು ಒಂದು ಮನೆತನದ್ದಾಗಿ ಉಳಿಯದೆ ಊರಿನದಾಯಿತು.

ಈ ಕಥೆಯಲ್ಲಿ ಎಂದೂ ಫೋಟೋ ಅಚ್ಚಾಗದವರು ಗೌಳಿಗರು. ಹಾಲಿಲ್ಲದೆ ಫೇಡೆ ಎಲ್ಲಿಯದು? ಊರಿನ ಒಳಗೇ ಎಮ್ಮೆ ಕಟ್ಟಿಕೊಂಡು, ಬೆಳಗಿನ ಜಾವ ಕರೆದು, ಕ್ಯಾನು ಹೊತ್ತು ತಂದು ಹಾಕಿದವರು ಅವರು. ಕೊಂಬು ಬಾಗಿದ, ಕಪ್ಪು ಮೈಯ, ಇಲ್ಲಿಯ ಬಿಸಿಲಿಗೂ ಒಣ ಮೇವಿಗೂ ಒಗ್ಗಿದ ಆ ಎಮ್ಮೆಯನ್ನು ಈಚಿನ ವರ್ಷಗಳಲ್ಲಿ ‘ಧಾರವಾಡಿ’ ಎಂಬ ಪ್ರತ್ಯೇಕ ತಳಿಯೆಂದು ರಾಷ್ಟ್ರ ಮಟ್ಟದಲ್ಲಿ ನೋಂದಾಯಿಸಲಾಗಿದೆ. ಎಮ್ಮೆಗೆ ಮಾನ್ಯತೆ ಸಿಕ್ಕಿತು. ಕಾಯ್ದವರ ಸರದಿ ಇನ್ನೂ ಬಂದಿಲ್ಲ. ಊರು ಬೆಳೆದಂತೆ ಗೋಮಾಳ ಲೇಔಟುಗಳಾಗಿ, ಕೊಟ್ಟಿಗೆಗಳಿಗೆ ಜಾಗವಿಲ್ಲದೆ ಅವರು ಅಂಚಿಗೆ ಸರಿಯುತ್ತಿದ್ದಾರೆ.

ಇನ್ನು ಖಾನಾವಳಿ. ನನ್ನ ಮಟ್ಟಿಗೆ ಈ ಊರುಗಳ ನಿಜವಾದ ಸಂಸ್ಥೆ ಇದು. ವಿಶ್ವವಿದ್ಯಾಲಯದಷ್ಟೇ ಜನರನ್ನು ಪದವೀಧರರನ್ನಾಗಿ ಮಾಡಿದೆ. ಮುಂಬೈ ಪ್ರಾಂತ್ಯದ ಕಾಲದಲ್ಲಿ ವಿಜಯಪುರದಿಂದ, ಬಾಗಲಕೋಟೆಯಿಂದ, ಕಾರವಾರದಿಂದ ಓದಲು ಬಂದ ಹುಡುಗನಿಗೆ ಹೊಟ್ಟೆ ಹೊರೆಯಲು ಮೂರು ದಾರಿಗಳಿದ್ದವು. ಒಂದು ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು, ಯಾವುದೋ ಒಂದು ವಾರ ತಪ್ಪಿದರೆ ಅಂದು ಏಕಾದಶಿ. ಇನ್ನೊಂದು ಮಠದ ಪ್ರಸಾದ ನಿಲಯ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಕಾಳು ಕೂಡಿಸಿ ಬಡ ಹುಡುಗರನ್ನು ಓದಿಸಿದ್ದನ್ನು ಉತ್ತರ ಕರ್ನಾಟಕ ಇಂದಿಗೂ ನೆನೆಯುತ್ತದೆ. ಮೂರನೆಯದು ಖಾನಾವಳಿ. ಮನೆಯಿಂದ ಮನಿಯಾರ್ಡರ್ ಬರುವವರಿಗೆ ಅದು. ಬರುವುದು ತಡವಾದವರಿಗೂ ಅದೇ. ತಿಂಗಳ ಲೆಕ್ಕ, ಗೋಡೆಗೆ ನೇತುಹಾಕಿದ ಉದ್ದನೆಯ ವಹಿ, ಅದರಲ್ಲಿ ಹೆಸರು, ಗೈರಾದ ಹೊತ್ತುಗಳ ಗೆರೆ. ಬಾಕಿ ಉಳಿಸಿ ಪರೀಕ್ಷೆ ಬರೆದು ಹೋಗಿ, ನೌಕರಿ ಸಿಕ್ಕ ಮೇಲೆ ತಂದು ಕೊಟ್ಟವರ ಕಥೆಗಳು ಪ್ರತಿ ಹಳೆಯ ಖಾನಾವಳಿಯಲ್ಲೂ ಇವೆ. ತಂದು ಕೊಡದವರ ಕಥೆಗಳೂ ಇರಲೇಬೇಕು. ಮಾಲಕರು ಅವನ್ನು ಹೇಳುವುದಿಲ್ಲ.

ಖಾನಾವಳಿಯ ತಾಟು ನೋಡಿದರೆ ಅದರ ಹಿಂದಿನ ಅರ್ಥಶಾಸ್ತ್ರ ತಿಳಿಯುತ್ತದೆ. ಬಿಸಿ ರೊಟ್ಟಿ, ಒಂದು ಕಾಳುಪಲ್ಯ, ಒಂದು ಸೊಪ್ಪಿನ ಪಲ್ಯ, ದಿನ ಚೊಲೊ ಇದ್ದರೆ ಬದನೆಕಾಯಿ ಎಣ್ಣೆಗಾಯಿ ಇಲ್ಲವೆ ಝುಣಕ. ಬದಿಗೆ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನ ರಂಜಕ, ಮೇಲೆ ಗಟ್ಟಿ ಮೊಸರು. ಹಸಿ ಉಳ್ಳಾಗಡ್ಡಿ, ಸೌತೆ, ಎಳೆ ಮೆಂತ್ಯೆ ಸೊಪ್ಪು. ಕೊನೆಗೆ ಅನ್ನ, ಸಾರು. ದುಬಾರಿ ಪದಾರ್ಥ ಒಂದೂ ಇಲ್ಲ. ಬೆಲೆ ಇರುವುದೆಲ್ಲ ದುಡಿಮೆಗೆ. ಎಲ್ಲವೂ ಸುತ್ತಲ ಎರೆಭೂಮಿಯಲ್ಲಿ ಬೆಳೆದದ್ದೇ. ಹಿಂಗಾರಿ ಜೋಳ, ಅದರಲ್ಲೂ ಮಾಲ್ದಂಡಿ, ಬೆಳೆಯುವ ಸೀಮೆಯಲ್ಲಿ ಖಾನಾವಳಿ ಹುಟ್ಟಿತೇ ಹೊರತು ಅಕ್ಕಿ ತರಿಸಿ ಉಣ್ಣುವಲ್ಲಿ ಅಲ್ಲ.

ರೊಟ್ಟಿ ಬಡಿಯುವುದು ಕಲಿಯದೆ ಬರುವ ಕೆಲಸವಲ್ಲ. ಗೋದಿಯ ಹಾಗೆ ಜೋಳದ ಹಿಟ್ಟಿಗೆ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು ನಾದಿದರೆ ಮಾತ್ರ ಅದು ಕೈಗೆ ಬರುತ್ತದೆ. ಅಂಗೈಯಿಂದ ಬಡಿಯುತ್ತ ತಿರುಗಿಸುತ್ತ ತಾಟಿನಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ ಕೆಂಡದ ಮಗ್ಗುಲಲ್ಲಿ ಉಬ್ಬಿಸಬೇಕು. ಊಟದ ಹೊತ್ತಿನಲ್ಲಿ ಒಬ್ಬಾಕೆ ಗಂಟೆಗಟ್ಟಲೆ ಹೊಗೆಯ ಮುಂದೆ ಇದನ್ನೇ ಮಾಡುತ್ತಾಳೆ. ಹೊರಗೆ ಬಡಿಸುವವ ಕೂಗುತ್ತಾನೆ: “ಅಕ್ಕಾರ, ಇನ್ನ ನಾಕ್ ರೊಟ್ಟಿ ಬರ್ಲಿ!” ಊಟಕ್ಕೆ ಕೂತವರ ಬಳಿ ಬಂದು, “ಇನ್ನೊಂದ್ ಹಾಕ್ಲೇನ್ರೀ?” ಎನ್ನುತ್ತಾನೆ. ಬೇಡವೆಂದರೂ ಅರ್ಧ ಬೀಳುತ್ತದೆ. ಧಾರವಾಡದ ಬಸಪ್ಪ ಖಾನಾವಳಿಯಂಥ ಹೆಸರಾದ ಜಾಗಗಳಿಂದ ಹಿಡಿದು ಬೋರ್ಡೂ ಇಲ್ಲದ ಮನೆಯ ಪಡಸಾಲೆಯ ಖಾನಾವಳಿವರೆಗೆ ಈ ಧಾಟಿ ಒಂದೇ. ಬೋರ್ಡಿನ ಮೇಲೆ ಗಂಡಸಿನ ಹೆಸರು, ಒಲೆಯ ಮುಂದೆ ಹೆಂಗಸು. ವಿಧವೆಯರು, ಗಂಡ ಬಿಟ್ಟವರು, ಸಾಲದ ಮನೆಯವರು ಇದೇ ಒಲೆಯಿಂದ ಮಕ್ಕಳ ಮದುವೆ ಮಾಡಿದ್ದಾರೆ, ಓದಿಸಿದ್ದಾರೆ. ಇಂದು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಖಡಕ್ ರೊಟ್ಟಿಯನ್ನು ಕಟ್ಟು ಕಟ್ಟಿ ಬೆಂಗಳೂರು, ಪುಣೆಗೆ ಕಳಿಸುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಮೇಳದಲ್ಲಿ ಅವರ ಮಳಿಗೆಗಳ ಮುಂದಿನ ಗದ್ದಲ ಟ್ರ್ಯಾಕ್ಟರುಗಳ ಮುಂದಿನದಕ್ಕಿಂತ ಕಡಿಮೆಯಿಲ್ಲ.

ಸಿಹಿಯನ್ನಷ್ಟೇ ಬಡಿಸಿದರೆ ಸಂಚಿಕೆ ಸುಳ್ಳಾಗುತ್ತದೆ. ಖಾನಾವಳಿಯ ಹಳೆಯ ಬೋರ್ಡುಗಳಲ್ಲಿ ಜಾತಿಯ ಹೆಸರು ದಪ್ಪಕ್ಷರದಲ್ಲಿ ಇರುತ್ತಿತ್ತು. ಅದು ಕೆಲವರಿಗೆ ಒಳಗೆ ಬರಲು ಭರವಸೆ, ಕೆಲವರಿಗೆ ಬರಬಾರದೆಂಬ ಸೂಚನೆ. ಊರಿಗೆ ಓದಲು ಬಂದ ಅಸ್ಪೃಶ್ಯರ ಹುಡುಗನಿಗೆ ವಾರಾನ್ನವಿಲ್ಲ, ಖಾನಾವಳಿಯ ಮಣೆಯೂ ಇಲ್ಲ. 1920ರ ದಶಕದ ಕೊನೆಗೆ ಡಾ. ಅಂಬೇಡ್ಕರ್ ಅವರ ಮುತುವರ್ಜಿಯಿಂದ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿ ನಿಲಯ ಆರಂಭವಾದದ್ದನ್ನು ಶಿಕ್ಷಣದ ಚರಿತ್ರೆಯಲ್ಲಿ ಬರೆಯುತ್ತಾರೆ. ಅದನ್ನು ಊಟದ ಚರಿತ್ರೆಯಲ್ಲೂ ಬರೆಯಬೇಕು. ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳಿದ್ದು ಸುಮ್ಮನೆ ಅಲ್ಲ. ಬೋರ್ಡುಗಳಿಂದ ಜಾತಿ ನಿಧಾನಕ್ಕೆ ಅಳಿಸಿತು. ಕೆಲವು ಕಡೆ ಬಣ್ಣ ತೆಳುವಾದಲ್ಲಿ ಹಳೆಯ ಅಕ್ಷರ ಈಗಲೂ ಇಣುಕುತ್ತದೆ.

ಹುಬ್ಬಳ್ಳಿಯ ನಾಲಿಗೆಯನ್ನು ತಿದ್ದಿದವರು ಮಾತ್ರ ಸಾವಜಿಯವರು. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜ, ಪೇಟೆಯಲ್ಲಿ ಎಲ್ಲರೂ ಕರೆಯುವಂತೆ ಎಸ್‌ಎಸ್‌ಕೆ, ಪರಂಪರೆಯಿಂದ ರೇಷ್ಮೆ ನೇಕಾರರು; ಪಟ್ಟೆಗಾರರೆಂದೂ ಹೆಸರು. ಹುಬ್ಬಳ್ಳಿ, ಗದಗ-ಬೆಟಗೇರಿ, ಧಾರವಾಡ ಅವರ ನೆಲೆಗಳು. ದಾಜಿಬಾನ ಪೇಟೆಯ ತುಳಜಾಭವಾನಿ ಗುಡಿ ಸಮಾಜದ ನಡುಮನೆ ಇದ್ದಂತೆ. ಮಗ್ಗದ ಆದಾಯ ಕುಗ್ಗುತ್ತ ಬಂದಾಗ ಹಲವು ಕುಟುಂಬಗಳು ಮನೆಯ ಮುಂಭಾಗಕ್ಕೆ ನಾಲ್ಕು ಬೆಂಚು ಹಾಕಿ, ಹಬ್ಬದ ದಿನ ತಾವು ಉಣ್ಣುತ್ತಿದ್ದ ಮಾಂಸದ ಅಡುಗೆಯನ್ನು ಊರಿಗೆ ಬಡಿಸತೊಡಗಿದವು. ಮಟನ್ ಸಾರು, ಖೀಮಾ, ಚಾಪ್ಸ್, ತಲೆಮಾಂಸ, ಜೊತೆಗೆ ಕರಿದ ಎಡ್ಮಿ. ಮೇಲೆ ತೇಲುವ ಕೆಂಪು ಎಣ್ಣೆ ಕಂಡು ಹೊಸಬರು ಹೆದರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಹಾಗೆಂದು ಧೈರ್ಯ ಮಾಡಿದವರೂ ಕಣ್ಣೀರು ಹಾಕಿದ್ದುಂಟು, ಏಕೆಂದರೆ ಸಾವಜಿಯವರು ಬ್ಯಾಡಗಿಯೊಂದನ್ನೇ ನಂಬಿದವರಲ್ಲ.

ಮಸಾಲೆ ಮನೆಯ ಹೆಂಗಸರ ಸ್ವತ್ತು. ಯಾವುದನ್ನು ಎಷ್ಟು ಹುರಿಯಬೇಕು, ಯಾವುದನ್ನು ಹಸಿಯಾಗಿ ಹಾಕಬೇಕು ಎಂಬುದು ಅತ್ತೆಯಿಂದ ಸೊಸೆಗೆ ಬಂತು. ಗಲ್ಲೆಯ ಮೇಲೆ ಕೂತ ಗಂಡಸರಿಗೂ ಪೂರ್ತಿ ಗೊತ್ತಿರಲಿಲ್ಲ ಎನ್ನುವವರಿದ್ದಾರೆ. ಮನೆಯಲ್ಲಿ ಮಾಂಸ ಬೇಯದ ಎಷ್ಟೋ ಮನೆತನಗಳ ಹುಡುಗರಿಗೆ ಮೊದಲ ಪಾಠ ನಡೆದದ್ದು ಇಂಥ ಮಬ್ಬುಬೆಳಕಿನ ಕೋಣೆಗಳಲ್ಲೇ. ಎದುರು ಬೆಂಚಿನಲ್ಲಿ ಓಣಿಯ ಹಿರಿಯರೊಬ್ಬರು ಕಂಡರೆ ಇಬ್ಬರೂ ಒಬ್ಬರನ್ನೊಬ್ಬರು ಕಾಣದವರಂತೆ ಉಂಡು ಎದ್ದು ಹೋಗುವುದು ಅಲಿಖಿತ ನಿಯಮ. ಬಹುಕಾಲ ಇವು ಗಂಡಸರ ಜಾಗಗಳಾಗಿದ್ದವು. ‘ಫ್ಯಾಮಿಲಿ ರೂಮ್’ ಎಂಬ ಪರದೆ ಬಂದ ಮೇಲೆ ಹೆಂಗಸರು, ಮಕ್ಕಳು ಒಳಗೆ ಬಂದರು. ಈಗ ಬೆಂಗಳೂರಿನ ಗಲ್ಲಿಗಳಲ್ಲೂ ಹುಬ್ಬಳ್ಳಿ ಸಾವಜಿ ಎಂಬ ಬೋರ್ಡು ಕಾಣುತ್ತದೆ. ಅದರಲ್ಲಿ ಎಷ್ಟು ಹುಬ್ಬಳ್ಳಿ, ಎಷ್ಟು ಸಾವಜಿ ಎಂಬುದನ್ನು ಉಂಡವರೇ ಹೇಳಬೇಕು.

ಉಡುಪಿ ಹೋಟೆಲಿನವರ ಬಗ್ಗೆ ಬೇಕಾದಷ್ಟು ಬರೆದಾಗಿದೆ, ನಾನು ಸ್ವಲ್ಪದರಲ್ಲೇ ಮುಗಿಸುತ್ತೇನೆ. ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲಿಂದ ಹುಬ್ಬಳ್ಳಿಗೆ ಬಂದ ಕರಾವಳಿಯ ಹುಡುಗರಲ್ಲಿ ಕೆಲವರು ಇಲ್ಲೇ ಇಳಿದರು, ಕೆಲವರು ರೈಲು ಹತ್ತಿ ಮುಂಬೈಗೆ ಹೋದರು. 1974ರ ಭೂಸುಧಾರಣೆಯ ನಂತರ ಗೇಣಿ ಹೋದ ಮನೆಗಳಿಂದಲೂ ಜನ ಬಂದರು. ಅವಲಕ್ಕಿ, ಸೂಸಲ, ನಿನ್ನೆಯ ರೊಟ್ಟಿಯ ಮುಂಜಾನೆಗೆ ಇಡ್ಲಿ-ವಡೆ ಸೇರಿದ್ದು ಹೀಗೆ. ಅವರು ತಂದ ದೊಡ್ಡ ಬದಲಾವಣೆ ದೋಸೆಯಲ್ಲ, ಶಿಸ್ತು: ಅಮೃತಶಿಲೆಯ ಮೇಜು, ಗೋಡೆಯ ಮೇಲೆ ದರಪಟ್ಟಿ, ತೊಳೆದ ಲೋಟ, ಯಾರು ಬಂದರೂ ಅದೇ ಬಿಲ್ಲು. ಪ್ರತಿಯಾಗಿ ಹುಬ್ಬಳ್ಳಿ ಅವರ ಸಾಂಬಾರಿಗೆ ಖಾರ ಕಲಿಸಿತು, ಬೆಲ್ಲ ಬಿಡಿಸಿತು. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಇಡದಿದ್ದರೆ ನಡೆಯುವುದಿಲ್ಲವೆಂದು ಉಡುಪಿಯವರೂ ಒಪ್ಪಿಕೊಂಡರು.

ಈ ಎಲ್ಲ ಹೋಟೆಲುಗಳ ಒಳಗೆ ಇನ್ನೊಂದು ಊರಿತ್ತು. ಲೋಟ ತೊಳೆಯುವ, ಟೇಬಲ್ಲು ಒರೆಸುವ, ಹಿಟ್ಟು ರುಬ್ಬುವ ಹುಡುಗರು. ಹತ್ತು ಹನ್ನೆರಡರ ವಯಸ್ಸಿಗೆ ಬಂದು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿ ಮಲಗಿದವರು. ಮಾಲಕರಲ್ಲಿ ಹಲವರು ತಾವೂ ಹಾಗೆಯೇ ಮೇಲೆ ಬಂದವರೆಂದು ಹೆಮ್ಮೆಯಿಂದ ಹೇಳುತ್ತಾರೆ. ಹಾಗೆ ಬಂದೂ ಮೇಲೇರದವರು ಮಾತಾಡಲು ಯಾವ ವೇದಿಕೆಯಲ್ಲೂ ಇಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳನ್ನು ದುಡಿಸುವುದು ದೇಶದಾದ್ಯಂತ ನಿಷಿದ್ಧವಾಯಿತು. ಆ ಜಾಗಕ್ಕೆ ಇಂದು ಬಂದಿರುವವರು ಒಡಿಶಾ, ಅಸ್ಸಾಂ, ನೇಪಾಳದ ಕಡೆಯ ಯುವಕರು. ಉನ್ನಾವ್‌ನಿಂದ ಬಂದವರ ಊರಿಗೆ ಇವರೇನೂ ಹೊಸಬರಲ್ಲ. ಅವರಲ್ಲಿ ಕೆಲವರು ಈಗಾಗಲೇ ಗಿರ್ಮಿಟ್ ಕಲೆಸುವುದರಲ್ಲಿ ನಮ್ಮವರನ್ನು ಮೀರಿಸುತ್ತಾರೆ.

ಗಿರ್ಮಿಟ್ ಎಂದೊಡನೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಲೇಬೇಕು. ಸಂಜೆ ಬಟ್ಟೆ ಅಂಗಡಿಗಳ ನಡುವೆ ಗಾಡಿಗಳು ಬಂದು ನಿಲ್ಲುತ್ತವೆ. ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಗೊಜ್ಜಿಗೆ ಚುರಮುರಿ ಸುರಿದು, ಪುಟಾಣಿ ಹಿಟ್ಟು ಉದುರಿಸಿ ಕಲೆಸುವ ಹೊತ್ತಿಗೆ ಪಕ್ಕದ ಎಣ್ಣೆಯಲ್ಲಿ ಮಿರ್ಚಿ ಭಜಿ ತಿರುಗುತ್ತಿರುತ್ತದೆ. ಚುರಮುರಿ ಮೆತ್ತಗಾಗುವ ಮೊದಲು ತಿಂದು ಮುಗಿಸಬೇಕು, ಹೀಗಾಗಿ ಇಲ್ಲಿ ಮಾತು ಕಡಿಮೆ. ರಂಜಾನ್ ತಿಂಗಳ ರಾತ್ರಿಗಳಲ್ಲಿ ಶಾ ಬಜಾರು ಇದೇ ರೀತಿ ಬೆಳಗಿನವರೆಗೆ ಎಚ್ಚರ.

ದುಡ್ಡಿಲ್ಲದ ಊಟವೂ ಈ ಊರಿನದೇ. ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಯಾರನ್ನೂ ಯಾರೆಂದು ಕೇಳುವುದಿಲ್ಲ. ರಾಯಾಪುರದ ಅಕ್ಷಯ ಪಾತ್ರೆಯ ಅಡುಗೆಮನೆಯಲ್ಲಿ ಅಕ್ಕಿ, ಬೇಳೆಯನ್ನು ಮೇಲಿನ ಮಹಡಿಗೆ ಏರಿಸಿ, ಅಲ್ಲಿಂದ ಕೆಳಗಿಳಿಯುತ್ತ ಅಡುಗೆಯಾಗುವಂತೆ ಕಟ್ಟಿದ್ದಾರೆ. ಶಾಲೆ ನಡೆಯುವ ದಿನ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಬಿಸಿಯೂಟ ಹೊರಡುತ್ತದೆ. ಖಾನಾವಳಿಯ ಅಕ್ಕನಿಗೆ ಇದು ಅಡುಗೆಯೆಂದೇ ಅನಿಸಲಿಕ್ಕಿಲ್ಲ. ಉಂಡ ಮಗುವಿಗೆ ಆ ಪ್ರಶ್ನೆ ಏಳುವುದಿಲ್ಲ.

ಈಚೆಗೆ ಚಿಗರಿ ಬಸ್ಸು ಎರಡು ಊರುಗಳನ್ನು ಹತ್ತಿರ ತಂದಿದೆ. ಧಾರವಾಡದವರು ಸಾವಜಿಗಾಗಿ ಹುಬ್ಬಳ್ಳಿಗೆ ಇಳಿಯುತ್ತಾರೆ, ಹುಬ್ಬಳ್ಳಿಯವರು ನೆಂಟರ ಕೈಗೆ ಕೊಡಲು ಫೇಡೆ ಕೊಳ್ಳಲು ಲೈನ್ ಬಜಾರಿಗೆ ಏರುತ್ತಾರೆ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದ ಮೇಲೆ ತಾರೀಖಿನ ಗಿರಾಕಿಗಳು ಹೆಚ್ಚಾದರು. ಹಳೆಯ ಖಾನಾವಳಿಯ ಹೊಸ ನೆಲೆ ಮಾತ್ರ ಧಾರವಾಡದ ಸಪ್ತಾಪುರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದ ಯುವಕ ಯುವತಿಯರು ಅಲ್ಲಿಯ ಕೋಣೆಗಳಲ್ಲಿ ವರ್ಷಗಟ್ಟಲೆ ಇರುತ್ತಾರೆ. ಗೋಡೆಯ ವಹಿಯ ಬದಲು ಫೋನಿನಲ್ಲಿ ಹಣ, ಡಬ್ಬಿಯಲ್ಲಿ ಊಟ. 2020ರ ಲಾಕ್‌ಡೌನಿನಲ್ಲಿ ಇವರೆಲ್ಲ ಊರಿಗೆ ಹೋದಾಗ ಎಷ್ಟೋ ಖಾನಾವಳಿಗಳ ಒಲೆ ಆರಿತು. ಕೆಲವು ಮತ್ತೆ ಹತ್ತಲಿಲ್ಲ. ಉಳಿದವರು ಕೆಪಿಎಸ್‌ಸಿ ಅಧಿಸೂಚನೆಯನ್ನು ಅಭ್ಯರ್ಥಿಗಳಿಗಿಂತ ಮೊದಲು ಓದುತ್ತಾರೆ. ಪಿಎಸ್‌ಐ ನೇಮಕಾತಿ ಬರುತ್ತದೆಂಬ ಸುದ್ದಿಗೆ ಜೋಳದ ಚೀಲ ಹೆಚ್ಚು ತರಿಸುತ್ತಾರೆ, ಮುಂದಕ್ಕೆ ಹೋಯಿತೆಂದರೆ ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬಾಕೆಗೆ ಸದ್ಯಕ್ಕೆ ಬರಬೇಡವೆನ್ನುತ್ತಾರೆ.